ಆರ್ವಿಡ್ ಬರೆದ ಸರಳ ಸೂಚನೆ

ಮೊದಲ ಎಡವಟ್ಟು "ಎಂದಿನಂತೆ" ಎಂಬ ಒಂದು ಪದ.

"ಎಂದಿನಂತೆ ಸರ್ವರ್ ಶುರು ಮಾಡಿ" ಎಂದು ಆರ್ವಿಡ್ ಹೌಗೆನ್ ಬರೆದಿದ್ದ. ಲೂನ್ ಎಂಬ ಮೆಸೇಜ್ ತಂತ್ರಾಂಶಕ್ಕೆ ಯಾವ ಕಂಪನಿಯ ಹಂಗೂ ಇಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಳೇ ಕಂಪ್ಯೂಟರಿನಲ್ಲಿ ಕೂರಿಸಿಕೊಂಡು ಬಳಸಬಹುದು. ಇದನ್ನು ಊರಿಗೆಲ್ಲ ಹೊಗಳಿದ ತಪ್ಪಿಗೆ ಆರ್ವಿಡ್‌ನ ಚಳಿಗಾಲ ಪೂರ್ತಿ ಅದನ್ನು ಕೂರಿಸಲು ಬಾರದ ಜನರ ಫೋನ್ ಎತ್ತುವುದರಲ್ಲೇ ಕಳೆದಿತ್ತು. ಉಳಿದವರೆಲ್ಲ ಹೆಪ್ಪುಗಟ್ಟಿದ ಸರೋವರದ ಮೇಲೆ ಗುಡಿಸಲು ಹೂಡಿ ಮೀನು ಹಿಡಿಯುತ್ತಿದ್ದರೆ, ಅವನ ಗುಡಿಸಲು ಅಂಗಳದಲ್ಲೇ ಬಿದ್ದಿತ್ತು. ನಾಳೆ ಭಾನುವಾರವೇ ಕೊನೆ; ಆಮೇಲೆ ಮಂಜುಗಡ್ಡೆಯ ಮೇಲೆ ಗುಡಿಸಲು ಇರಕೂಡದೆಂದು ಕಾನೂನು. ಇವತ್ತು ಯಾರಿಗಾದರೂ ಅರ್ಥವಾಗುವ ಸೂಚನೆ ಬರೆದುಬಿಟ್ಟರೆ ನಾಳೆ ಫೋನ್ ಮನೆಯಲ್ಲಿಟ್ಟು ಹೋಗಬಹುದು. ಅವನ ಆಸೆ ಅಷ್ಟೇ.

ಲೈಬ್ರರಿಯಲ್ಲಿ ಆ ಸೂಚನೆಯ ಪರೀಕ್ಷೆ. ಶಾಲಾ ಬಸ್ ಓಡಿಸಿ ನಿವೃತ್ತಳಾದ ಬರ್ನೀಸ್ ಕೌದಿ ಹೊಲಿಯುವ ಹೆಂಗಸರ ಸಂಘದ ಪರವಾಗಿ, ಮೀನುಗಾರರ ಸಂಘದ ಪರವಾಗಿ ಅವಳ ಎದುರುಮನೆಯ ಮಾರ್ಲಿನ್ ಬಂದಿದ್ದರು. ಮಾರ್ಲಿನ್ ಅವಳಿಂದ ಎರವಲು ತಂದ, ಹಿಮ ತೆಗೆಯುವ ಸ್ನೋಬ್ಲೋವರ್ ಯಂತ್ರವನ್ನು ಕೆಡಿಸಿ ವಾಪಸು ಕೊಟ್ಟಾಗಿನಿಂದ ಇಬ್ಬರಿಗೂ ಮಾತಿಲ್ಲ. ಅದಕ್ಕೇ ಎರಡು ಸಂಘಕ್ಕೂ ಬೇರೆ ಬೇರೆ ಸರ್ವರ್.

"'ಎಂದಿನಂತೆ' ಅಂದ್ರೆ ಯಾರ ಎಂದಿನಂತೆ?" ಎಂದಳು ಬರ್ನೀಸ್. "ನಾನು ಎಂದಿನಂತೆ ಮಾಡೋದು ಕಾಫಿ ಒಂದೇ ಕಣಪ್ಪ."

ಪರೀಕ್ಷೆಯ ಹೊತ್ತಿನಲ್ಲಿ ಬರೆದವನು ತುಟಿ ಬಿಚ್ಚಬಾರದು. ಸೂಚನೆ ಬರೆಯುವವರ ನೇಮ ಅದು. ಆರ್ವಿಡ್ ಬಾಯಿಗೆ ಕೇಕು ತುರುಕಿಕೊಂಡು ಆ ಪದ ಹೊಡೆದುಹಾಕಿದ.

"ಆರ್ವಿಡ್, ಆ ಯಮ್ಮಂಗೆ ಹೇಳು," ಎಂದ ಮಾರ್ಲಿನ್, "ಸರ್ವರ್ ವಿಳಾಸದ ಜಾಗದಲ್ಲಿ ಮನೆ ವಿಳಾಸ ಬರ್ದಿದಾಳೆ."

"ಆರ್ವಿಡ್, ಆ ಯಪ್ಪಂಗೆ ಹೇಳು, ಅವನೂ ಅದನ್ನೇ ಬರ್ದಿದಾನೆ!"

ಇಬ್ಬರೂ ಒಟ್ಟಿಗೇ ಆರ್ವಿಡ್‌ನ ಕಡೆ ತಿರುಗಿದರು. "ಖಾಲಿ ಜಾಗ ಬಿಟ್ರೆ ಜನ ಏನಾದ್ರೂ ತುಂಬ್ತಾರೆ ಮಾರಾಯ. ನಿಜವಾದ ವಿಳಾಸ ಹೇಗಿರುತ್ತೆ ಅಂತ ತೋರಿಸ್ಬಾರ್ದಾ?" ಎಂದಳು ಬರ್ನೀಸ್. ನ್ಯಾಯವಾದ ಮಾತು. ಆರ್ವಿಡ್ ಆ ಕ್ಷಣಕ್ಕೆ ಹೊಳೆದ ಒಂದೇ ವಿಳಾಸವನ್ನು, ತನ್ನ ನೆಲಮಾಳಿಗೆಯ ಕಂಪ್ಯೂಟರಿನದನ್ನು, ಬರೆದು ಪಕ್ಕದಲ್ಲಿ ಸಣ್ಣಗೆ "ಉದಾಹರಣೆಗೆ" ಎಂದು ಸೇರಿಸಿದ.

ಸ್ವಲ್ಪ ಹೊತ್ತಿಗೆ ಇಬ್ಬರ ಪರದೆಯಲ್ಲೂ ಸರ್ವರ್ ಸಿಕ್ಕಿತೆಂಬ ಹಸಿರು ದೀಪ ಹತ್ತಿತು. ಒಂದು ಪ್ರಶ್ನೆ ಇಲ್ಲ, ಒಂದು ಫೋನ್ ಇಲ್ಲ! ಆರ್ವಿಡ್‌ಗೆ ಕಣ್ಣು ತುಂಬಿ ಬಂತು. ಮಧ್ಯಾಹ್ನವೇ ಸೂಚನೆಯನ್ನು ಊರಿಗೆಲ್ಲ ಹಂಚಿ, ಮನೆಗೆ ಓಡಿ, ಗುಡಿಸಲನ್ನು ಗಾಡಿಗೆ ಕಟ್ಟತೊಡಗಿದ.

ಸಂಜೆ ನೆಲಮಾಳಿಗೆಯಿಂದ ಯಾರೋ ಏದುಸಿರು ಬಿಡುವಂಥ ಸದ್ದು ಬಂತು. ಇಳಿದು ನೋಡಿದರೆ ಕಂಪ್ಯೂಟರ್ ಕೆಂಡವಾಗಿತ್ತು. ಅದರೊಳಗೆ ಕೌದಿಯವರು, ಮೀನಿನವರು, ಪಾದ್ರಿ, ಬೇಕರಿಯವಳು, ಎಲ್ಲರೂ ಇದ್ದರು. "ಉದಾಹರಣೆಗೆ" ಎಂಬುದನ್ನು ಒಬ್ಬರೂ ಓದಿರಲಿಲ್ಲ. ಊರಿಗೆ ಊರೇ ಅವನ ವಿಳಾಸವನ್ನು ಮಕ್ಕಿಕಾಮಕ್ಕಿ ಇಳಿಸಿತ್ತು.

"ಇದೆಲ್ಲ ನನ್ನ ಮನೆ ಡಬ್ಬದಲ್ಲಿ ಓಡ್ತಿದೆ! ತಾಸಿಗೊಂದ್ಸಲ ಎಬ್ಬಿಸ್ದೆ ಇದ್ರೆ ಮಲಗಿಬಿಡುತ್ತೆ. ನಿಲ್ಲಿಸ್ತಾ ಇದೀನಿ," ಎಂದು ಎಲ್ಲರಿಗೂ ಬರೆದು ಪ್ಲಗ್ಗಿಗೆ ಕೈ ಹಾಕಿದ. ಅಷ್ಟರಲ್ಲಿ ಪರದೆ ಮಿನುಗಿತು.

"ಯಾರಿದು, ಬರ್ನೀಸಾ? ನೀನ್ ಹೇಗೆ ಇಲ್ಲಿ?"

"ನೀನ್ ಬಂದ ಹಾಗೇ. ಸ್ನೋಬ್ಲೋವರ್ ರಿಪೇರಿ ಆಯ್ತು ಮಾರ್ಲಿನ್. ಬೇಕಿದ್ರೆ ತಗೊಂಡ್ ಹೋಗು."

"ತಪ್ಪಾಯ್ತು ಕಣೆ. ಅವತ್ತೇ ಹೇಳ್ಬೇಕಿತ್ತು."

ಆರ್ವಿಡ್‌ನ ಕೈ ಪ್ಲಗ್ಗಿನ ಮೇಲೆ ಹಾಗೇ ನಿಂತಿತು. ಮುರಿದ ಮಾತು ಅವನ ನೆಲಮಾಳಿಗೆಯಲ್ಲಿ ಕೂಡಿಕೊಳ್ಳುತ್ತಿತ್ತು. ಕೀಳಲು ಮನಸ್ಸು ಬರಲಿಲ್ಲ, ನಿಜಕ್ಕೂ ಸಂತೋಷವಾಯಿತು. "ನಿಲ್ಲಿಸೋಲ್ಲ, ಇಲ್ಲೇ ಇರ್ತೀನಿ, ಮಾತಾಡಿ," ಎಂದು ಬರೆದ.

ಮಾರ್ಲಿನ್‌ನ ಉತ್ತರ ತಕ್ಷಣ ಬಂತು: "ದೇವರಂಥೋನು ಕಣಯ್ಯಾ ನೀನು! ನಾಳೆ ನಾನೂ ಬರ್ನೀಸೂ ಮೀನಿಗೆ ಹೋಗೋಣ ಅಂತಿದೀವಿ. ನೀನು ಹೇಗೂ ಡಬ್ಬದ ಹತ್ರ ಇರ್ತೀಯಲ್ಲ, ನಿನ್ನ ಗುಡಿಸಲು ಕೊಡ್ತೀಯಾ? ಗಾಡಿಗೆ ಕಟ್ಟಿದ್ದು ನಮ್ಮ ಕಿಟಕಿಯಿಂದ ಕಾಣ್ತಾ ಇದೆ."