ಪಾದದ ನಾಡಿ, ಮಾವನ ಆಶೀರ್ವಾದ

ನಮ್ಮ ಮಾವನ ಎದುರು ಚಪ್ಪಲಿ ಹುಡುಕಲಿಕ್ಕೂ ಬಗ್ಗಬಾರದು! ಬಗ್ಗಿದಿರೋ, ತಲೆಯ ಮೇಲೆ ಕೈ ಬಿದ್ದೇ ಬಿತ್ತು: "ನೂರು ವರ್ಷ ಬಾಳು ಮಗಾ!" ಅಮ್ಮನ ಈ ಅಣ್ಣ ತದಡಿಯಲ್ಲಿ ನಲವತ್ತು ವರ್ಷ ದೋಣಿ ನಡೆಸಿದವರು. ಬಂದರಿನಲ್ಲಿ ಬಿದ್ದ ಬಂಗಡೆ ಮೀನು ಹೆಕ್ಕಿದ ವ್ಯಾಪಾರಿಗೂ, ಅಂಗಳದಲ್ಲಿ ಜಾರಿದ ಪೆನ್ನು ಹೆಕ್ಕಿದ ಮೀಟರ್ ರೀಡರನಿಗೂ ಸಂತಾನಭಾಗ್ಯ ಕರುಣಿಸಿದ್ದಾರೆ. ಮೀಟರ್ ರೀಡರನಿಗೆ ಆಗಲೇ ನಾಲ್ಕು ಮಕ್ಕಳಿದ್ದರು, ಪಾಪ!

ಕಳೆದ ವರ್ಷ ಎದೆನೋವೆಂದು ಅವರಿಗೆ ಆಂಜಿಯೋಗ್ರಾಂ ಮಾಡಿಸಿದೆವು. ತೊಡೆಸಂದಿಯ ರಕ್ತನಾಳದಲ್ಲಿ ಸಪೂರ ನಳಿಕೆ ತೂರಿಸಿ ಹೃದಯ ನೋಡಿ, ವಾರ್ಡಿಗೆ ತಂದು ಅಂಗಾತ ಮಲಗಿಸಿದರು. ಹೊನ್ನಾವರ ಕಡೆಯ ನರ್ಸ್ ಹುಡುಗಿ ಖಡಕ್ಕಾಗಿ ಹೇಳಿದಳು: "ಅಜ್ಜಾ, ಆರು ತಾಸು ಬಲಗಾಲು ಮಡಚೂಕಿಲ್ಲ, ತಲೆ ಎತ್ತೂಕಿಲ್ಲ. ಎತ್ತಿದ್ರೆ ಗಾಯದಿಂದ ರಕ್ತ ಬರ್ತದೆ."

"ಆತು ಮಗಾ" ಎಂದರು ಮಾವ, ಬಲು ಸಾಧುವಾಗಿ.

ಆದರೆ ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಅವಳು ಆಗಾಗ ಪಾದ ಮುಟ್ಟಿ ನಾಡಿ ನೋಡಬೇಕಿತ್ತು. ಪಾದ ಮುಟ್ಟಿದವರನ್ನು ಮಾವ ಸುಮ್ಮನೆ ಬಿಡುತ್ತಾರೆಯೇ? ತಲೆ ಎತ್ತಿ ಕೈ ಚಾಚಿಯೇಬಿಟ್ಟರು: "ಒಳ್ಳೆ ಗಂಡ ಸಿಗ್ಲಿ!"

"ತಲೆ ಕೆಳಗೆ!" ಎಂದು ಕೂಗಿದಳು ಹುಡುಗಿ.

ಎರಡನೇ ಸಲ ಅವಳಿಗೆ ಸರಕಾರಿ ನೌಕರಿ ಸಿಕ್ಕಿತು, ಮೂರನೇ ಸಲ ಅವಳಿ ಮಕ್ಕಳು! ಆಗಲೇ ಬ್ಯಾಂಡೇಜಿನ ಮೇಲೆ ಕೆಂಪು ಕಲೆ ಮೂಡಿದ್ದು. ಹುಡುಗಿಯ ಮುಖ ಬಿಳಿಚಿತು. ಗಾಯವನ್ನು ಅಂಗೈಯಿಂದ ಒತ್ತಿ ಹಿಡಿದು ಬಹಳ ಹೊತ್ತು ಅಲ್ಲಾಡದೆ ನಿಂತಳು. ರಕ್ತ ನಿಂತಿತು. ನನಗೆ ಸಿಟ್ಟು ಬಂದಿತ್ತು.

"ಮಾವಾ, ಅವ್ಳು ನಮಸ್ಕಾರ ಮಾಡೂದಲ್ಲ, ಪಲ್ಸ್ ನೋಡೂದು!" ಎಂದುಬಿಟ್ಟೆ.

ಮಾವನ ಮುಖ ಹುಳ್ಳಗಾಯಿತು. ಮುಂದಿನ ಸಲ ಅವಳು ಪಾದ ಮುಟ್ಟಿದಾಗ ಗೋಡೆ ನೋಡುತ್ತಾ ತುಟಿಪಿಟಕ್ಕೆನ್ನದೆ ಮಲಗಿದ್ದರು. ಅವರನ್ನು ಹಾಗೆ ನಾನೆಂದೂ ಕಂಡಿರಲಿಲ್ಲ. ಹೇಳಬಾರದಿತ್ತು ಅನ್ನಿಸಿತು.

"ಎಂತ ಅಜ್ಜಾ, ಈ ಸಲ ನಂಗೆ ಎಂತದೂ ಇಲ್ವಾ?" ಎಂದಳು ಹುಡುಗಿ.

"ನೀ ಪಲ್ಸ್ ನೋಡೂದಂತೆ ಮಗಾ."

"ಪಲ್ಸ್ ನೋಡಿ ಆಗಿ ಎಷ್ಟೊತ್ತಾತು! ಕೈ ಇನ್ನೂ ನಿಮ್ಮ ಪಾದದ ಮೇಲೇ ಅದೆ, ಗೊತ್ತಾಗೂದಿಲ್ವಾ?"

ಮಾವ ಗೋಡೆಯಿಂದ ಕಣ್ಣು ತಿರುಗಿಸಿ ಅವಳನ್ನು ನೋಡಿದರು. "ನಿನ್ನ ಹೊಟ್ಟೆ ತಣ್ಣಗಿರ್ಲಿ ತಂಗಿ" ಎಂದರು. ಕಣ್ಣೀರು ಕಿವಿಗೆ ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲೂ ಅವರು ತಲೆ ಎತ್ತಲಿಲ್ಲ.