ಜರ್ಮನ್ ಜನರಲ್ಲರ ಮನೆತನ ವಿಚಾರಿಸಿದ್ದು

ನನಗೆ ಬೇರೆ ಯಾವ ವಿದ್ಯೆ ಬಾರದಿದ್ದರೂ ಮನೆತನ ವಿಚಾರಿಸುವ ವಿದ್ಯೆ ಬರುತ್ತದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಕಾರು ಹಿಂದಕ್ಕೆ ತೆಗೆಯುವಾಗ ಈಗಲೂ ಕಂಬಕ್ಕೆ ತಾಗಿಸುತ್ತೇನೆ. ಮಸ್ಕತ್ತಿಗೆ ಬಂದು ತಲೆ ನರೆತರೂ ನನ್ನ ಅರಬ್ಬಿ 'ಯಲ್ಲಾ', 'ಖಲಾಸ್' ದಾಟಿ ಮುಂದಕ್ಕೆ ಹೋಗಿಲ್ಲ. ಆದರೆ ನಮ್ಮ ಕಾರ್ಕಳದ ಕಡೆಯಲ್ಲಿ ಯಾರ ಮನೆಯ ಹುಡುಗಿಗೆ ಗಲ್ಫಿನ ಸಂಬಂಧ ಬಂದರೂ ಮೊದಲ ಫೋನು ನನಗೇ. "ಸದಾನಂದ, ಅವ ಅಲ್ಲಿ ನಿಜವಾಗಿ ಎಂತ ಕೆಲಸ ಮಾಡ್ತಾನೆ, ಸ್ವಲ್ಪ ನೋಡಿ ಹೇಳು ಮಾರಾಯ." ನಾನು ಇಲ್ಲಿ ಗ್ಯಾರೇಜುಗಳೇ ತುಂಬಿದ ಘಾಲಾದಲ್ಲಿ ಕಾರಿನ ಬಿಡಿಭಾಗಗಳ ಗೋದಾಮು ನೋಡಿಕೊಳ್ಳುವವನು. ಮಸ್ಕತ್ತಿನ ಗಂಡು ಎಂದಾದರೊಂದು ದಿನ ಘಾಲಾದ ಗ್ಯಾರೇಜಿಗೆ ಬಂದೇ ಬರುತ್ತಾನೆ, ಕಾರು ಕೆಟ್ಟ ಸಂಕಟದಲ್ಲಿ ಬಾಯಿ ಬಿಟ್ಟೇ ಬಿಡುತ್ತಾನೆ. ಮ್ಯಾನೇಜರ್ ಎಂದು ಬಯೋಡೇಟಾದಲ್ಲಿ ಬರೆದುಕೊಂಡವನ ಸವೆದ ಟೈರು ನೋಡಿ ನಾನು ಮುರಿದ ಸಂಬಂಧಗಳೂ ಉಂಟು. ಪಾಪವೋ ಪುಣ್ಯವೋ, ದೇವರಿಗೇ ಗೊತ್ತು.

ಈ ನನ್ನ ಜಂಭಕ್ಕೆ ಪೆಟ್ಟು ಬಿದ್ದದ್ದು ನಮ್ಮ ಶ್ರಾವ್ಯಳ ವಿಷಯದಲ್ಲಿ. ಶ್ರಾವ್ಯ ನನ್ನ ಸುಮತಿ ಅಕ್ಕನ ಮಗಳು. ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದಾಳೆ, ದಾರ್ಸೈಟಿನ ನಮ್ಮ ಫ್ಲ್ಯಾಟಿನಲ್ಲೇ ಇರುತ್ತಾಳೆ. ಒಂದು ದಿನ ಟೀ ಕುಡಿಯುತ್ತಾ, ಸಕ್ಕರೆ ಕಡಿಮೆಯಾಯಿತು ಎನ್ನುವಷ್ಟು ಸಲೀಸಾಗಿ, "ಮಾಮ, ನಾನು ಯೋನಾಸನನ್ನು ಮದುವೆ ಆಗ್ಬೇಕು ಅಂತ ಇದ್ದೇನೆ" ಎಂದಳು. ಯೋನಾಸ್ ಜರ್ಮನಿಯ ಹುಡುಗ, ಕಡಲ ನೀರನ್ನು ಸಿಹಿನೀರು ಮಾಡುವ ಸ್ಥಾವರದಲ್ಲಿ ಇಂಜಿನಿಯರ್. ಬೆನ್ನುನೋವೆಂದು ಆಸ್ಪತ್ರೆಗೆ ಬಂದವನು. ಬೆನ್ನು ವಾಸಿಯಾದ ಮೇಲೂ ಬರುತ್ತಿದ್ದನಂತೆ.

ನಮ್ಮಲ್ಲಿ ಸೋದರಮಾವ ಹೂಂ ಅನ್ನದೆ ಮದುವೆ ನಡೆಯುವುದಿಲ್ಲ. ನಾವು ತಾಯಿಯ ಕಡೆಯಿಂದ ಕುಟುಂಬ ಲೆಕ್ಕ ಹಿಡಿಯುವ ಜನ. ಮಕ್ಕಳು ಸೇರುವುದು ತಾಯಿಯ ಬಳಿಗೆ, ಅಂದರೆ ವಂಶಕ್ಕೆ. ಆ ಮನೆಯಲ್ಲಿ ಅಪ್ಪ ಪ್ರೀತಿಯ ಅತಿಥಿ, ಯಜಮಾನಿಕೆ ಮಾವನದು. ಹಾಗಾಗಿ ಅಕ್ಕ ಫೋನಿನಲ್ಲಿ ಅತ್ತು, ಬೈದು, ಮತ್ತೆ ಅತ್ತು, ಕೊನೆಗೆ ಚೆಂಡನ್ನು ನನ್ನ ಅಂಗಳಕ್ಕೆ ತಳ್ಳಿದಳು: "ಬಣ್ಣ, ಭಾಷೆ ನಾನು ನೋಡುದಿಲ್ಲ. ಮನೆತನ ವಿಚಾರಿಸು. ನೀನು ಒಳ್ಳೆ ಮನೆ ಅಂದ್ರೆ ನನ್ನ ಒಪ್ಪಿಗೆ ಉಂಟು. ಅಲ್ಲ ಅಂದ್ರೆ ಅವಳನ್ನು ಮುಂದಿನ ವಿಮಾನಕ್ಕೆ ಹತ್ತಿಸು." ಶ್ರಾವ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಆಟ ತೋರಿಸಿದವನು ನಾನು.

ವಿಚಾರಿಸುವುದೆಂದರೆ ನನಗೆ ನೆನಪಾಗುವುದು ನನ್ನ ಸೋದರಮಾವ. ಅಕ್ಕನಿಗೆ ಸಂಬಂಧ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಮಾವ ನನ್ನನ್ನೂ ಬಸ್ಸು ಹತ್ತಿಸಿಕೊಂಡು ಹುಡುಗನ ಊರಿಗೆ ಹೋದರು. ಅಲ್ಲಿ ಹುಡುಗನ ಮನೆಗೆ ಹೋಗಲೇ ಇಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕುಳಿತು ಗೋಳಿಬಜೆ ತರಿಸಿ, "ಇಲ್ಲಿ ಯಾರದೋ ಮನೆಯಲ್ಲಿ ಒಳ್ಳೆ ಎಮ್ಮೆ ಮಾರ್ಲಿಕ್ಕೆ ಉಂಟಂತೆ, ಹೌದಾ?" ಎಂದು ಗಟ್ಟಿಯಾಗಿ ಕೇಳಿದರು. ಎಮ್ಮೆಯಿಂದ ಮಾತು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಮನೆಯೊಳಕ್ಕೆ ತಾನಾಗಿ ನಡೆಯಿತು. ಎರಡನೆಯ ತಟ್ಟೆ ಬರುವಷ್ಟರಲ್ಲಿ ಹುಡುಗನ ಅಜ್ಜಿಯ ವಾತರೋಗದವರೆಗೆ ಎಲ್ಲವೂ ನಮಗೆ ತಿಳಿದಿತ್ತು. ಹಿಂದೆ ಬರುವಾಗ ಮಾವ ಹೇಳಿದರು, "ಒಂದು ಮನೆ ಹೇಗೆ ಅಂತ ಅವರ ಚಾವಡಿಯಲ್ಲಿ ಕೂತವರನ್ನು ಕೇಳ್ಬಾರ್ದು. ಅಂಗಳದ ಹೊರಗೆ ನಿಂತವರನ್ನು ಕೇಳ್ಬೇಕು." ಆ ಬಸ್ಸು, ಆ ಎಣ್ಣೆಯ ವಾಸನೆ, ಮಾವನ ಹೆಗಲ ಮೇಲಿನ ಬೈರಾಸು, ಎಲ್ಲ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರು ಇದ್ದಿದ್ದರೆ ಜರ್ಮನಿಗೂ ಬಸ್ಸು ಕೇಳುತ್ತಿದ್ದರು.

ನಾನು ಇಂಟರ್ನೆಟ್ಟಿಗೆ ಇಳಿದೆ. ಶ್ರಾವ್ಯ ಕೊಟ್ಟ ಸುಳಿವು ಒಂದೇ: "ಅವನ ಅಮ್ಮನ ಅಜ್ಜ ಮಿಲಿಟರಿಯಲ್ಲಿ ದೊಡ್ಡವರಿದ್ದರಂತೆ." ಅವರ ಹೆಸರನ್ನು ಅವಳಿಂದಲೇ ಕೇಳಿ, ಹಾಕಿ ಹುಡುಕಿದರೆ, ಅಬ್ಬಬ್ಬಾ! ದೊಡ್ಡವರೆಂದರೆ ಸಾಧಾರಣ ದೊಡ್ಡವರಲ್ಲ, ಎರಡನೇ ಮಹಾಯುದ್ಧದ ಜರ್ಮನ್ ಜನರಲ್! ಎತ್ತರದ ಟೋಪಿ, ಕತ್ತಿನಲ್ಲಿ ಪದಕ, ನಗುವೆಂಬುದೇ ಗೊತ್ತಿಲ್ಲದ ತುಟಿ. ಮಿಲಿಟರಿ ಹುಚ್ಚಿನವರು ಅವರ ಬಗ್ಗೆ ಒಂದು ಪುಟವನ್ನೇ ಮಾಡಿದ್ದರು. ಯಾವ ತುಕಡಿಯಿಂದ ಯಾವ ತುಕಡಿಗೆ ವರ್ಗ, ಯಾವ ಪದಕ, ಕುದುರೆ ಸವಾರಿಯಲ್ಲಿ ಎಂಥ ನಿಪುಣ, ಎಲ್ಲ ಇತ್ತು. ನಾನು ಮರುಳನಂತೆ ಅಕ್ಕನಿಗೆ ಫೋಟೊ ಕಳಿಸಿಬಿಟ್ಟೆ. ಸಂಜೆಯೊಳಗೆ ಅದು ಕುಟುಂಬದ ವಾಟ್ಸ್ಯಾಪಿನಲ್ಲಿ ಓಡಾಡಿ, "ಸುಮತಿಯ ಮಗಳಿಗೆ ಜನರಲ್ಲರ ಮನೆಯ ಸಂಬಂಧವಂತೆ" ಎಂದು ಮುಂಬೈಯಿಂದ ಚಿಕ್ಕಮ್ಮ ಅಭಿನಂದನೆ ಹೇಳಿದರು. ಬೆಳಿಗ್ಗೆ ಅಳುತ್ತಿದ್ದ ಅಕ್ಕ ಸಂಜೆ ಸೀರೆಯ ಬಣ್ಣ ಕೇಳುತ್ತಿದ್ದಳು.

ನನ್ನ ಹೆಂಡತಿ ವಾರಿಜ ಮಾತ್ರ ಆ ಪುಟವನ್ನು ಕೊನೆಯವರೆಗೆ ಓದಿ ಕನ್ನಡಕ ತೆಗೆದಳು. "ಅಲ್ಲ ಇವರೇ, ಎಲ್ಲಿದ್ದರು ಅಂತ ಉಂಟು. ಅಲ್ಲಿ ಎಂತ ಮಾಡಿದರು ಅಂತ ಇಲ್ಲವಲ್ಲ?" ನಿಜವೇ. ಅದು ಜನರಲ್ಲರ ಬಯೋಡೇಟಾ. ಬಯೋಡೇಟಾದಲ್ಲಿ ಕೆಟ್ಟವರು ಇರುವುದುಂಟೆ? ಚಾವಡಿಯಲ್ಲಿ ಕೂತವರನ್ನೇ ನಾನು ಕೇಳಿ ಬಂದಿದ್ದೆ.

ಘಾಲಾಕ್ಕೆ ಯಂತ್ರ ರಿಪೇರಿಗೆಂದು ಒಬ್ಬ ವಯಸ್ಸಾದ ಜರ್ಮನ್ ಮೆಕ್ಯಾನಿಕ್ ಬರುತ್ತಾನೆ. ಅವನನ್ನು ಕರಕ್ ಚಹಾಕ್ಕೆ ಕರೆದುಕೊಂಡು ಹೋಗಿ ಮಾವನ ಪದ್ಧತಿಯಂತೆ ಎಮ್ಮೆಯಿಂದ ಶುರುಮಾಡೋಣವೆಂದುಕೊಂಡೆ. ಅವನಿಗೆಲ್ಲಿಯ ಎಮ್ಮೆ? "ನಿಮ್ಮ ಕಡೆ ಸೇಬು ಹೇಗೆ?" ಎಂದೆ. ಪುಣ್ಯಾತ್ಮ ಸೇಬಿನ ಜಾತಿ, ಹುಳ, ಗೊಬ್ಬರ ಎಂದು ಚಹಾ ಆರುವ ತನಕ ವಿವರಿಸಿದ, ತೋಟ ಬಿಟ್ಟು ಮನೆಯೊಳಕ್ಕೆ ಬರಲೇ ಇಲ್ಲ. ಬೇಸತ್ತು ನೇರವಾಗಿ ಹುಡುಗನ ವಿಷಯ ತೆಗೆದು ಜನರಲ್ಲರ ಹೆಸರು ಹೇಳಿದೆ. ಅವನು ಲೋಟ ಕೆಳಗಿಟ್ಟ. "ಹುಡುಗನನ್ನೇ ಕೇಳಿ. ನಮ್ಮಲ್ಲಿ ಇಂಥದ್ದನ್ನು ಬೇರೆಯವರ ಬಾಯಲ್ಲಿ ಕೇಳುವುದಿಲ್ಲ" ಎಂದು ಚಹಾದ ಹಣ ತಾನೇ ಕೊಟ್ಟು ಹೋದ.

ಹುಡುಗನನ್ನೇ ಕೇಳುವುದೇ! ನಮ್ಮ ಶಾಸ್ತ್ರದಲ್ಲಿ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಆದರೂ ಒಂದು ಶುಕ್ರವಾರ ಬೆಳಿಗ್ಗೆ ಮವಾಲೇಹ್‌ನ ತರಕಾರಿ ಮಾರುಕಟ್ಟೆಗೆ ಅವನನ್ನು ಜೊತೆಗೆ ಕರೆದೆ. ಬದನೆಕಾಯಿ ಆರಿಸುತ್ತಾ, ಯೋನಾಸನ ಮುಖ ನೋಡದೆ ಕೇಳಿಯೇಬಿಟ್ಟೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಹೇಳ್ತೇನೆ ಮಾಮ" ಎಂದ. ಮಾಮ ಎಂಬುದೊಂದು ಬಿಟ್ಟರೆ ಉಳಿದದ್ದೆಲ್ಲ ಇಂಗ್ಲಿಷ್. ಪೂರ್ವದ ಕಡೆಯ ಯುದ್ಧದಲ್ಲಿ ಜನರಲ್ಲರ ಆಜ್ಞೆಯಂತೆ ಹಳ್ಳಿಗಳನ್ನು ಸುಟ್ಟರು. ಮನೆಯೊಳಗೆ ಜನರಿದ್ದರು. ಯುದ್ಧ ಮುಗಿದ ಮೇಲೆ ಕೆಲವು ವರ್ಷ ಜೈಲಿನಲ್ಲಿದ್ದು ಮನೆಗೆ ಬಂದು ಗುಲಾಬಿ ಬೆಳೆಸಿದರು. ಮೊಮ್ಮಗಳನ್ನು, ಅಂದರೆ ಯೋನಾಸನ ತಾಯಿಯನ್ನು, ತುಂಬ ಮುದ್ದು ಮಾಡುತ್ತಿದ್ದರು. ದೊಡ್ಡವಳಾದ ಮೇಲೆ ಆಕೆಗೆ ವಿಷಯ ತಿಳಿದು, ಸುಟ್ಟುಹೋದ ಆ ಊರುಗಳಿಗೆ ಹೋಗಿ, ಬದುಕುಳಿದವರ ಮಕ್ಕಳ ಮುಂದೆ ಕುಳಿತು ಅಂದು ನಡೆದದ್ದನ್ನು ಕೇಳಿಕೊಂಡು ಬಂದರಂತೆ. "ಅಮ್ಮ ನನಗೆ ಹತ್ತನೇ ತರಗತಿಯಲ್ಲಿ ಇದನ್ನೆಲ್ಲ ಹೇಳಿದರು. ಶ್ರಾವ್ಯಳಿಗೂ ಹೇಳಿದ್ದೇನೆ" ಎಂದ. ನನ್ನ ಕೈಯಲ್ಲಿದ್ದ ಬದನೆಕಾಯಿಯನ್ನು ಮೆಲ್ಲಗೆ ರಾಶಿಗೆ ಹಾಕಿದೆ. ಸುತ್ತ ವ್ಯಾಪಾರಿಗಳು ಕೂಗುತ್ತಿದ್ದರು.

ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಸಂಬಂಧ ಮುರಿದೇ ಬಿತ್ತು, ಶ್ರಾವ್ಯಳಿಗೆ ಹೇಗೆ ಹೇಳಲಿ ಎಂದು ನಾನು ಬೆವರುತ್ತಿರುವಾಗ ಅಕ್ಕ ಕೇಳಿದಳು, "ಅವರು ಹುಡುಗನಿಗೆ ಎಂತ ಆಗ್ಬೇಕು, ಸರಿಯಾಗಿ ಹೇಳು."

"ಅಮ್ಮನ ಅಮ್ಮನ ಅಪ್ಪ."

"ಅಪ್ಪ ಅಲ್ವಾ? ಹಾಗಾದ್ರೆ ಅವರು ಬೇರೆ ಬಳಿ ಮಾರಾಯ! ಹುಡುಗ ತಾಯಿಯ ಬಳಿ, ತಾಯಿ ಅವಳ ತಾಯಿಯ ಬಳಿ, ಆ ತಾಯಿ ಅವಳ ತಾಯಿಯ ಬಳಿ. ಜನರಲ್ ಆ ಮನೆಗೆ ಮದುವೆಯಾಗಿ ಬಂದವರು. ಅವರ ಪಾಪ ಅವರ ತಾಯಿಯ ಮನೆಗೆ ಹೋಗ್ತದೆ, ಈ ಮಕ್ಕಳಿಗೆ ಎಂತದೂ ಇಲ್ಲ. ಒಪ್ಪಿಗೆ ಅಂತ ಹೇಳು."

ನಮ್ಮ ಹಿರಿಯರ ಬುದ್ಧಿಗೆ ಕೈಮುಗಿದೆ. ಜಗತ್ತಿನ ಯಾವ ನ್ಯಾಯಾಲಯಕ್ಕೂ ಹೊಳೆಯದ ಉಪಾಯ ಕಾರ್ಕಳದ ಅಡುಗೆಮನೆಯಲ್ಲಿ ಹೊಳೆದಿತ್ತು. ಶ್ರಾವ್ಯ ನನ್ನ ಕುತ್ತಿಗೆಗೆ ಜೋತುಬಿದ್ದು ಅತ್ತಳು. ಮರುದಿನವೇ ವಾರಿಜ ಕೋರಿ ರೊಟ್ಟಿ ಮಾಡಿ ಯೋನಾಸನನ್ನು ಊಟಕ್ಕೆ ಕರೆದಳು. ಗರಿಗರಿ ರೊಟ್ಟಿಯನ್ನು ಮುರಿದು, ಮೇಲೆ ಕೋಳಿ ಸಾರು ಸುರಿದುಕೊಂಡು, ಕೈಯಲ್ಲೇ ಉಣ್ಣಲು ಕಲಿಯುತ್ತಿದ್ದ ಅವನಿಗೆ ನಾನು ಬಹಳ ಉದಾರಿಯಂತೆ ಅಕ್ಕನ ತೀರ್ಪನ್ನು ವಿವರಿಸಿದೆ. ಹುಡುಗ ಹಿಗ್ಗುತ್ತಾನೆಂದುಕೊಂಡಿದ್ದೆ. ಅವನು ಕೇಳಿ, ಸಾರಿನ ಕೈಯನ್ನು ತಟ್ಟೆಯ ಮೇಲೆ ಹಾಗೇ ಹಿಡಿದು, "ಅತ್ತೆಯವರಿಗೆ ತುಂಬ ಥ್ಯಾಂಕ್ಸ್ ಹೇಳಿ. ಆದರೆ ಆ ಜನರಲ್ ನಮ್ಮವರೇ ಮಾಮ. ಅವರನ್ನು ನಮ್ಮವರಲ್ಲ ಅಂದರೆ ಅಮ್ಮ ಇಷ್ಟು ವರ್ಷ ಮಾಡಿದ್ದು ಯಾಕೆ?" ಎಂದ. ಜಗಳದ ಧ್ವನಿಯಲ್ಲ, ಮೆತ್ತಗೆ. ಆಮೇಲೆ ಮಾತು ಬದಲಿಸಲೆಂದೋ ಏನೋ, "ಆ ಯುದ್ಧದ ಕಾಲದಲ್ಲಿ ನಿಮ್ಮ ಮನೆಯಲ್ಲಿ ಏನಾಗುತ್ತಿತ್ತು?" ಎಂದು ಕೇಳಿದ.

ಕೇಳಬೇಕೆ! ನಮ್ಮ ದೊಡ್ಡಜ್ಜನ ಕತೆ ನನಗೆ ಬಾಯಿಪಾಠ. ದೊಡ್ಡಜ್ಜ ನನ್ನ ಅಜ್ಜಿಯ ಅಣ್ಣ, ಕುಟುಂಬದ ಯಜಮಾನ. ಎಲ್ಲ ಮದುವೆ ಮುಂಜಿಯಲ್ಲೂ ಎಲೆಯಡಿಕೆ ಜಗಿಯುತ್ತಾ ಹೇಳುವ ಕತೆ ಅದು, ಹೇಳಿದಾಗಲೆಲ್ಲ ಜನ ಬಿದ್ದು ಬಿದ್ದು ನಗುತ್ತಾರೆ. ನಾನೂ ಉತ್ಸಾಹದಿಂದ ತೊಡಗಿದೆ. "ಯುದ್ಧದ ಕಾಲದಲ್ಲಿ ಅಕ್ಕಿಗೆ ಭಯಂಕರ ತತ್ವಾರ. ಊರಿಗೆ ಊರೇ ಗೆಣಸು ತಿನ್ನುತ್ತಿತ್ತು. ನಮ್ಮ ದೊಡ್ಡಜ್ಜ ಎಷ್ಟು ಚಾಲಾಕಿ ಗೊತ್ತುಂಟಾ? ಅಟ್ಟದ ತುಂಬ ಅಕ್ಕಿಮುಡಿ ಪೇರಿಸಿ, ಮೇಲೆ ಬೈಹುಲ್ಲು ಮುಚ್ಚಿ ಇಟ್ಟಿದ್ದರು. ನಮ್ಮ ಗದ್ದೆ ಗೇಣಿಗೆ ಮಾಡುವ ಒಕ್ಕಲಿನವರು ಅಕ್ಕಿ ಕೇಳಲು ಬಂದು ಅಂಗಳದಲ್ಲಿ ನಿಂತರೆ ತಾವೇ ಹರಕು ಪಂಚೆ ಉಟ್ಟು, ಗೆಣಸಿನ ಸಿಪ್ಪೆ ಕೈಯಲ್ಲಿ ಹಿಡಿದು ಹೊರಗೆ ಬಂದು, ನಮಗೇ ಇಲ್ಲ ಮಾರಾಯರೇ ಅಂತ ಅಳುತ್ತಿದ್ದರು! ಅವರೇ ಅಜ್ಜನಿಗೆ ಸಮಾಧಾನ ಹೇಳಿ ಹೋಗ್ತಿದ್ರಂತೆ! ನಮ್ಮ ಮನೆಯಲ್ಲಿ ಒಂದು ಹೊತ್ತಿನ ಗಂಜಿಯೂ ತಪ್ಪಲಿಲ್ಲ." ಇಲ್ಲಿ ನಗಬೇಕು. ನಾನು ನಕ್ಕೆ. ನಾನೊಬ್ಬನೇ ನಕ್ಕೆ.

"ಹಾಗೆ ಬರಿಗೈಯಲ್ಲಿ ವಾಪಸು ಹೋದವರು ಏನಾದರು?" ಎಂದ ಯೋನಾಸ್.

ಯಾರಿಗೆ ಗೊತ್ತು? ಕತೆಯಲ್ಲಿ ಆ ಭಾಗವೇ ಇಲ್ಲ. ಯಾರೂ ಹೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ. ನನಗೆ ನಾಚಿಕೆಯಾಯಿತು, ಈ ವಯಸ್ಸಿನಲ್ಲಿ ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು.

ಯೋನಾಸ್ ಹೋದ ಮೇಲೆ ಅಕ್ಕನಿಗೆ ಫೋನು ಮಾಡಿದೆ. "ಅಕ್ಕ, ದೊಡ್ಡಜ್ಜ ಯಾವ ಬಳಿ?"

"ಎಂತ ಪ್ರಶ್ನೆ ಕೇಳ್ತಿ ಮಾರಾಯ? ಅಜ್ಜಿಯ ಅಣ್ಣ ಅಂದ್ರೆ ನಮ್ಮದೇ ಬಳಿ. ಅಜ್ಜಿ, ಅಮ್ಮ, ನಾನು, ಶ್ರಾವ್ಯ. ಅವರ ಯಜಮಾನಿಕೆಯೇ ಮಾವನಿಗೆ ಬಂದದ್ದು, ಮಾವನದು ನಿನಗೆ ಬಂದದ್ದು. ಯಾಕೆ?"

ಯಾಕೆಂದು ಹೇಳಿದೆ. ಅಕ್ಕ ಹೌಹಾರಿದಳು. "ಅಯ್ಯೋ ನಿನ್ನ ಬಾಯಿಗೆ ಬೆಂಕಿ ಹಾಕ! ಹುಡುಗನ ಕಡೆಯವರ ಮುಂದೆ ಯಾರಾದ್ರೂ ಅದನ್ನು ಹೇಳ್ತಾರಾ? ಆ ಅಮ್ಮ ಇಂಥದ್ದನ್ನೆಲ್ಲ ಊರೂರು ತಿರುಗಿ ವಿಚಾರಿಸುವ ಹೆಂಗಸು ಅಂತ ನೀನೇ ಹೇಳಿದ್ದಿ. ಈಗ ಅವರು ಒಪ್ಪದಿದ್ರೆ?"

ಯೋನಾಸ್ ಮೆಟ್ಟಿಲಿಳಿಯುವಾಗ, ತನ್ನ ಅಮ್ಮ ಮುಂದಿನ ತಿಂಗಳು ಮಸ್ಕತ್ತಿಗೆ ಬರುತ್ತಾರೆ, ಅಲ್ಲಿಂದ ಕಾರ್ಕಳಕ್ಕೂ ಹೋಗಬೇಕೆಂದಿದ್ದಾರೆ ಎಂದು ಹೇಳಿ ಹೋಗಿದ್ದ. ಅದನ್ನು ಅಕ್ಕನಿಗೆ ಇನ್ನೂ ಹೇಳಿಲ್ಲ. ಆ ಒಕ್ಕಲಿನವರ ಮಕ್ಕಳು ಈಗ ಎಲ್ಲಿದ್ದಾರೆಂದು ನಾನೀಗ ಊರಿನ ಪರಿಚಯದವರಿಗೆಲ್ಲ ಫೋನು ಮಾಡಿ ಕೇಳುತ್ತಿದ್ದೇನೆ. ಕೇಳಿದವರೆಲ್ಲ ಕೇಳುವುದು ಒಂದೇ ಮಾತು: "ಏನು ಸದಾನಂದಣ್ಣ, ಯಾರಿಗಾದರೂ ಸಂಬಂಧ ನೋಡುತ್ತಿದ್ದೀರಾ?" ಹೌದು, ಎನ್ನುತ್ತೇನೆ. ಯಾರ ಮನೆತನ ಎಂದು ಕೇಳಿದರೆ ಮಾತ್ರ ನಮ್ಮದೇ ಎನ್ನಲು ಬಾಯಿ ಬರುವುದಿಲ್ಲ.