ಯಾವತ್ತಿನ ಮಾಹಿತಿ?

ನಾನು ನಿಂತಿದ್ದದ್ದು ನಮ್ಮೂರ ಕ್ರಾಸಿನ ಹುಣಸೆಮರದ ಕೆಳಗೆ, ಮಾದಪ್ಪನ ಟೀ ಅಂಗಡಿಯ ಬೆಂಚಿನ ಪಕ್ಕದಲ್ಲಿ. ಮುಖ ಚಾಮರಾಜನಗರದ ಕಡೆಗಿತ್ತು. ಹೊತ್ತು ಬೆಳಿಗ್ಗೆ ಎಂಟೂಕಾಲು. ಬದನಗುಪ್ಪೆಯ ಕೆಲಸಕ್ಕೆ ಹೋಗಲು ನಾನು ಹಿಡಿಯುವ ಬಸ್ಸು ಇನ್ನೂ ಬಂದಿರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಹೇಳುವುದೆಲ್ಲ ನಮ್ಮ ಭಾವನ ವಿಷಯ, ಮತ್ತು ನಮ್ಮ ಭಾವನ ವಿಷಯ ಹೇಳಿದವರು ಬುರುಡೆ ಬಿಡುತ್ತಾರೆ ಎಂದೇ ಜನ ಅಂದುಕೊಳ್ಳುತ್ತಾರೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಸರ್ಕಾರದ ವೆಬ್‌ಸೈಟನ್ನು ಗಂಟಲಿನಿಂದ ನಡೆಸುವವರು ಲೋಕದಲ್ಲಿ ಇನ್ನೊಬ್ಬರು ಇದ್ದರೆ ನನಗೆ ತಿಳಿಸಿ!

ಅವರು ನಿವೃತ್ತ ಬಸ್ ಕಂಡಕ್ಟರ್. ನಿವೃತ್ತಿಯಾದದ್ದು ಅವರು ಮಾತ್ರ, ಗಂಟಲಲ್ಲ. ಮನೆಯಲ್ಲಿ ಕೂತ ಮೊದಲ ತಿಂಗಳು ಆ ಗಂಟಲಿಗೆ ಕೆಲಸವಿಲ್ಲದೆ ಅಕ್ಕನ ಪ್ರಾಣ ತೆಗೆದಿತ್ತು. ಅಡುಗೆಮನೆಯ ಬಾಗಿಲಲ್ಲಿ ಅವಳು ನಿಂತರೆ ಸಾಕು, "ಒಳಕ್ಕೋಗಿ, ಒಳಕ್ಕೋಗಿ, ಬಾಗ್ಲಲ್ಲಿ ನಿಲ್ಬೇಡಿ!" ಆಗ ಯಾರೋ ಒಂದು ಸ್ಮಾರ್ಟ್‌ಫೋನ್ ಕೊಡಿಸಿದರು. ಅದರಲ್ಲಿ ಇಲಾಖೆಗಳ ವೆಬ್‌ಸೈಟುಗಳಿವೆ, ಊರಿನ ಕೆರೆಯಿಂದ ಹಿಡಿದು ಅಂಗನವಾಡಿಯ ಮೊಟ್ಟೆಯವರೆಗೆ ಎಲ್ಲದರ ಲೆಕ್ಕ ಅಲ್ಲಿದೆ, ಯಾರು ಬೇಕಾದರೂ ನೋಡಬಹುದು ಎಂದು ಗೊತ್ತಾದ ದಿನ ಭಾವ ಊಟ ಬಿಟ್ಟು ನೋಡಿದರು. ನೋಡಿ ಸಿಟ್ಟಾದರು.

"ಅಲ್ಲ ಕಣಪ್ಪ, ಇಷ್ಟೆಲ್ಲ ಇಟ್ಕೊಂಡು ಒಬ್ರಿಗೂ ಗೊತ್ತಾಗ್ದಂಗೆ ಮಡ್ಗವ್ರಲ್ಲ! ಬಸ್ಸು ಎಲ್ಲಿಗ್ ಓಯ್ತದೆ ಅಂತ ಬೋರ್ಡ್ನ ಬಸ್ಸೊಳಗೆ ನೇತಾಕಿದ್ರೆ ಜನ ಹತ್ತದೆಂಗೆ?"

ಸರ್ಕಾರವನ್ನು ಇಷ್ಟು ಸರಿಯಾಗಿ ಬೈದವರನ್ನು ನಾನು ಕಂಡಿಲ್ಲ.

ಆದರೆ ಓದುವುದೇ ಒಂದು ಸಾಹಸವಾಗಿತ್ತು. ಆ ಕಾಗದಗಳನ್ನು ಯಾರೋ ಪುಣ್ಯಾತ್ಮರು ಅಡ್ಡಡ್ಡ ಸ್ಕ್ಯಾನ್ ಮಾಡಿ ಹಾಕಿದ್ದರು. ಭಾವ ಫೋನನ್ನು ತಿರುಗಿಸಿದರೆ ಕಾಗದವೂ ತಿರುಗುತ್ತಿತ್ತು. ಇವರು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ. ಕೊನೆಗೆ ಭಾವ ಫೋನನ್ನು ಗೋಡೆಗೆ ಒರಗಿಸಿ ತಾವೇ ಜಗಲಿಯ ಮೇಲೆ ಅಡ್ಡಾದರು. ಕತ್ತು ನೋಯಬಾರದೆಂದು ಒಂದು ದಿಂಬು. ನಾನು ಹೋದಾಗ ಅಕ್ಕ ಬಾಗಿಲಲ್ಲೇ ತಡೆದಳು.

"ಸದ್ದು ಮಾಡ್ಬೇಡ."

"ಯಾಕಕ್ಕ, ಮಲಗವ್ರಾ?"

"ಇಲ್ಲ ಕಣಪ್ಪ. ಸರ್ಕಾರ ಓದ್ತಾವ್ರೆ."

ಮಾರನೆಯ ಬೆಳಿಗ್ಗೆಯೇ ಕ್ರಾಸಿನಲ್ಲಿ ಪ್ರಸಾರ ಶುರುವಾಯಿತು. ಹುಣಸೆಮರದ ಬುಡದಲ್ಲಿ ರಸ್ತೆ ಕೆಲಸಕ್ಕೆಂದು ತಂದು ಮರೆತ ಜಲ್ಲಿ ಕಲ್ಲಿನ ಗುಡ್ಡೆಯಿದೆ. ಭಾವ ತಮ್ಮ ಹಳೆಯ ಟಿಕೆಟ್ ಬ್ಯಾಗನ್ನು ಅದರ ಮೇಲೆ ಇಟ್ಟು, ಎರಡು ಬಸ್ಸುಗಳ ನಡುವಿನ ಬಿಡುವಿನಲ್ಲಿ ಕೂಗತೊಡಗಿದರು.

"ರೇಷನ್ ಅಕ್ಕಿ, ರೇಷನ್ ಅಕ್ಕಿ, ರೇಷನ್ ಅಕ್ಕೀ! ಲೋಡ್ ಬಂದದೆ, ಬೇಗ ಓಗಿ, ಬೇಗ ಓಗೀ!"

ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟಿದ್ದ ಯಾರೋ ಪರವೂರಿನವರು ಗಾಬರಿಯಿಂದ ನನ್ನನ್ನು ಕೇಳಿದರು: "ರೇಷನ್ ಅಕ್ಕಿ ಅನ್ನೋದು ಗುಂಡ್ಲುಪೇಟೆಗಿಂತ ಮೊದಲೇ ಬರುತ್ತಾ, ಆಮೇಲಾ?"

ಇದೆಲ್ಲ ಮಾದಪ್ಪನಿಗೆ ಹಬ್ಬ. ಭಾವ ಅತ್ತ ಹೋದರೆ ಸಾಕು, ಅವನು ಟೀ ಸೋಸುತ್ತಲೇ ಅದೇ ರಾಗ, ಅದೇ ಎಳೆತ, ಕೊನೆಯಲ್ಲಿ ಅದೇ ಕೆಮ್ಮಿನ ಸಮೇತ ಪೂರ್ತಿ ಪ್ರಸಾರವನ್ನು ಮತ್ತೊಮ್ಮೆ ಒಪ್ಪಿಸುತ್ತಿದ್ದ. ಗಿರಾಕಿಗಳು ಬಿದ್ದು ಬಿದ್ದು ನಗುತ್ತಿದ್ದರು. ಭಾವನ ಅಣಕ ಕೇಳಲೆಂದೇ ಇನ್ನೊಂದು ಟೀ ಕುಡಿದವರಿದ್ದಾರೆ. ಆ ಲಾಭದಲ್ಲಿ ಭಾವನಿಗೆ ಒಂದು ಬಿಟ್ಟಿ ಟೀ ಆದರೂ ಸಿಕ್ಕಿತೇ? ಇಲ್ಲ.

ಹಾಗಂತ ಭಾವ ತಪ್ಪೇ ಮಾಡದ ಮಹಾಪುರುಷರೇನಲ್ಲ. ಒಮ್ಮೆ ವೆಬ್‌ಸೈಟಿನಲ್ಲಿ 'ಮುಂದಿನ ಸೋಮವಾರ ಪಕ್ಕದ ಊರಿನಲ್ಲಿ ಜಾನುವಾರುಗಳಿಗೆ ಉಚಿತ ಲಸಿಕೆ' ಎಂದಿತ್ತು. ಭಾವ ಮೂರು ದಿನ ಕೂಗಿದರು. ಸೋಮವಾರ ನಮ್ಮೂರಿನ ಹಸು, ಎಮ್ಮೆ, ಹೋರಿಗಳೆಲ್ಲ ಸಾಲಾಗಿ ಹೊರಟವು. ಅಲ್ಲಿ ಡಾಕ್ಟರೂ ಇಲ್ಲ, ಸೂಜಿಯೂ ಇಲ್ಲ. ವಿಚಾರಿಸಿದರೆ ಆ 'ಮುಂದಿನ ಸೋಮವಾರ' ಹೋದ ವರ್ಷವೇ ಬಂದು ಹೋಗಿತ್ತು! ಸಂಜೆ ಒಬ್ಬ ಅಜ್ಜಿ ಎಮ್ಮೆಯನ್ನು ನೇರ ಭಾವನ ಜಗಲಿಗೇ ಹೊಡೆದುಕೊಂಡು ಬಂದಳು.

"ಕಂಡಕ್ಟ್ರೇ, ಬನ್ನಿ ಈಚೆಗೆ. ನಡೆಸಿ ನಡೆಸಿ ಸಾಯಿಸಿದ್ದು ಯಾರು ಅಂತ ನಮ್ಮೆಮ್ಮೆ ಒಂದ್ಸಲ ನೋಡ್ಬೇಕಂತೆ."

ಭಾವ ಈಚೆಗೆ ಬಂದು ಎಮ್ಮೆಯ ಮುಂದೆ ತಲೆತಗ್ಗಿಸಿ ನಿಂತರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಂದಿನಿಂದ ಅವರಿಗೆ ಹೊಸ ರೋಗ ಅಂಟಿಕೊಂಡಿತು. ಯಾರು ಏನು ಹೇಳಿದರೂ ಒಂದೇ ಪ್ರಶ್ನೆ: "ಯಾವತ್ತಿಂದು?" ಯಾವ ದಿನದ್ದೆಂದು ಹೇಳದ ಮಾಹಿತಿ ಅವರ ಪಾಲಿಗೆ ಮಾಹಿತಿಯೇ ಅಲ್ಲ. ಪ್ರಸಾರವೂ "ಇವತ್ತು ಬೆಳಗಿಂದೂ!" ಎಂಬ ಕೂಗಿನಿಂದಲೇ ಆರಂಭವಾಗತೊಡಗಿತು. ನಮ್ಮೂರ ಹುಡುಗಿಯೊಬ್ಬಳಿಗೆ ಸಂಬಂಧ ನೋಡುವಾಗ ಗಂಡಿನ ಕಡೆಯವರೊಬ್ಬರು "ಹುಡ್ಗ ಬಾಳ ಒಳ್ಳೆಯವ್ನು" ಅಂದರು. ಭಾವ ಗಂಭೀರವಾಗಿ, "ಯಾವತ್ತಿನ ಮಾಹಿತಿ?" ಅಂದರು. ಆ ಸಂಬಂಧ ಕೂಡಿಬರಲಿಲ್ಲ. ಮನೆಯಲ್ಲಿ ಅಕ್ಕ "ಸಾರಾಗದೆ, ಬನ್ನಿ" ಎಂದು ಕರೆದರೂ ಅದೇ ಪ್ರಶ್ನೆ.

"ನೆನ್ನೆದು! ಬೇಕಾದ್ರೆ ಉಣ್ಣಿ, ಇಲ್ದಿದ್ರೆ ವೆಬ್‌ಸೈಟಲ್ಲಿ ಬಿಸಿದ್ ಅದಾ ನೋಡ್ಕಳಿ!"

ಇಷ್ಟೆಲ್ಲ ನಗುವಿನ ಕೆಳಗೆ ಒಂದು ವಿಷಯವಿತ್ತು. ಅದನ್ನೂ ಹೇಳಬೇಕು. ಪಕ್ಕದ ಮನೆಯ ಸಣ್ಣಮ್ಮನಿಗೆ ಚೆಂಡುಹೂ ಕೊಯ್ಯುವಾಗ ಹಾವು ಕಚ್ಚಿತ್ತು. ಭಾವನೇ ಆಟೋ ಹತ್ತಿಸಿಕೊಂಡು, ನಾವು ಕೆಳಗಿನ ಆಸ್ಪತ್ರೆ ಎಂದು ಕರೆಯುವ ಕಡೆಗೆ, ಅದೇ ಹತ್ತಿರವೆಂದು, ಹೋದರು. ಅಲ್ಲಿ ಅಂದು ಹಾವಿನ ಇಂಜೆಕ್ಷನ್ ಮುಗಿದಿತ್ತು. ತಿರುಗಿ, ಕ್ರಾಸು ದಾಟಿ, ಗುಂಡ್ಲುಪೇಟೆ ದಿಕ್ಕಿನ ಮೇಲಿನ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಭಾವ ಆ ಬಗ್ಗೆ ನನ್ನ ಹತ್ತಿರ ಒಂದೇ ಸಲ ಮಾತಾಡಿದ್ದಾರೆ.

"ಸರ್ವೀಸೆಲ್ಲ ಒಬ್ರುನ್ನೂ ತಪ್ಪು ಬಸ್ಸು ಹತ್ತುಸ್ಲಿಲ್ಲ ಕಣಪ್ಪ. ಅವತ್ತು ಹತ್ತುಸ್ಬುಟ್ಟೆ."

ಅದಾದ ಮೇಲೆ ಅವರಿಗೆ ಬೇಕಾದದ್ದು ಒಂದೇ: ಯಾವ ಆಸ್ಪತ್ರೆಯಲ್ಲಿ ಇವತ್ತು ಹಾವಿನ ಇಂಜೆಕ್ಷನ್ ಇದೆ? ವೆಬ್‌ಸೈಟಿನಲ್ಲಿ ಎರಡೂ ಕಡೆ ಯಾವಾಗಲೂ ಇತ್ತು. ಅದು ಯಾವತ್ತಿನದೆಂದು ದೇವರಿಗೇ ಗೊತ್ತು. ಭಾವ ನೇರ ಔಷಧಿ ಕಿಟಕಿಗೇ ಹೋದರು.

"ಸ್ಟಾಕ್ ಎಲ್ಲ ಹೊರಗಿನೋರಿಗೆ ಹೇಳಕ್ಕೆ ಆರ್ಡರ್ ಇಲ್ಲ ಸಾರ್" ಅಂದರು ಮೇಲಿನ ಆಸ್ಪತ್ರೆಯ ಔಷಧಿ ಮೇಡಂ.

"ಬೇಡಾಂತ ಆರ್ಡರ್ ಅದಾ?"

"ಅದೂ ಇಲ್ಲ."

"ಮತ್ತೆ?"

"ಸಾರ್, ಹಿಂದೆ ಕ್ಯೂ ಇದೆ."

ಭಾವ ಮರುದಿನವೂ ಹೋದರು. ಅದರ ಮರುದಿನವೂ. ಒಂದು ದಿನ ಮೇಡಂ ಕೈಮುಗಿದು ಒಂದು ದಾರಿ ಹೇಳಿದರು. ಮದ್ದು ಇದ್ದರೆ ಬೆಳಿಗ್ಗೆ ಭಾವನಿಗೆ ಒಂದು ಮಿಸ್ಡ್ ಕಾಲ್. ಇಲ್ಲದಿದ್ದರೆ ಇಲ್ಲ. "ನಾನು ಏನೂ ಹೇಳಿಲ್ಲ, ನೀವು ಏನೂ ಕೇಳಿಲ್ಲ. ದಯವಿಟ್ಟು ಕಿಟಕಿ ಹತ್ರ ಮಾತ್ರ ಬರಬೇಡಿ!" ಕೆಳಗಿನ ಆಸ್ಪತ್ರೆಯವರೂ ಅದೇ ಷರತ್ತಿಗೆ ಒಪ್ಪಿದರು. ಯಾವ ಆರ್ಡರೂ ಮುರಿಯದೆ, ಒಂದು ಪೈಸೆಯೂ ಖರ್ಚಾಗದೆ ಸರ್ಕಾರಿ ಮಾಹಿತಿ ಸಾರ್ವಜನಿಕವಾದದ್ದು ಹೀಗೆ! ನೆಟ್‌ವರ್ಕ್ ಇಲ್ಲದ ದಿನ ಏನು ಮಾಡುತ್ತೀರಿ ಎಂದು ನಾನು ಕೇಳಿದೆ. "ಬರ್ನಿಲ್ಲ ಅಂದ್ರೆ ಇಲ್ಲ ಅಂತ್ಲೇ ಲೆಕ್ಕ. ಇಲ್ದೆ ಇರೋ ಸೀಟ್ನ ಅದೆ ಅಂತ ಏಳ್ಬಾರ್ದು" ಅಂದರು.

ಈಗ ನಾನು ಮೊದಲು ಹೇಳಿದ ಬೆಳಿಗ್ಗೆಗೆ ಬರುತ್ತೇನೆ.

ಭಾವ ಪ್ರಸಾರ ಮುಗಿಸಿದರು. ಕೆಮ್ಮಿದರು. ಕಲ್ಲುಗುಡ್ಡೆಯ ಮೇಲಿದ್ದ ಬ್ಯಾಗಿಗೆ ಕೈಹಾಕಿದರು. ಕೈ ಹಿಂದಕ್ಕೆ ಎಳೆದುಕೊಂಡರು. ಬ್ಯಾಗಿನ ಆಚೆ, ಕಲ್ಲಿನ ಸಂದಿಗೆ ನಾಗರಹಾವಿನ ಹಿಂಭಾಗ ಇಳಿದು ಹೋಗುವುದನ್ನು ನಾನು ಕಂಡೆ.

"ಮಾದಪ್ಪ," ಅಂದರು ಭಾವ, ಚಿಲ್ಲರೆ ಕೇಳುವ ದನಿಯಲ್ಲಿ, "ಆವು ಕಣ್ಲಾ."

ಮುಂದಿನದೆಲ್ಲ ಗದ್ದಲ. ಯಾರೋ ಮಂತ್ರ ಹಾಕುವವನ ಹೆಸರು ಹೇಳಿದರು. ಆಟೋ ರಂಗಸ್ವಾಮಿ ಗಾಡಿಯನ್ನು ಕೆಳಗಿನ ಆಸ್ಪತ್ರೆಯ ಕಡೆಗೆ ತಿರುಗಿಸಿಯೇ ಬಿಟ್ಟ. "ಹತ್ರ ಅದೆ, ಹತ್ತಿ ಹತ್ತಿ!" ನಾವು ಭಾವನನ್ನು ಎತ್ತಿ ಕೂರಿಸಿದೆವು. ಅವರು ಎಡಗೈ ಎತ್ತಿ ಬೇಡವೆಂದು ಆಡಿಸುತ್ತಿದ್ದರು. ನೋವಿಗೆ ಹಾಗೆ ಮಾಡುತ್ತಾರೆ ಅಂದುಕೊಂಡೆವು. ಏನೋ ಹೇಳಲು ಹೋದರು. ಊರನ್ನೇ ಎಬ್ಬಿಸುತ್ತಿದ್ದ ಆ ಗಂಟಲಿನಿಂದ ಗಾಳಿ ಮಾತ್ರ ಬಂತು.

ಆಗ ನನ್ನ ಬೆನ್ನ ಹಿಂದಿನಿಂದ ಭಾವನ ದನಿ ಕೇಳಿಸಿತು.

"ಇವತ್ತು ಬೆಳಗಿಂದೂ! ಆವಿನ ಇಂಜೆಕ್ಷನ್, ಆವಿನ ಇಂಜೆಕ್ಷನ್! ಕೆಳಗಲಾಸ್ಪತ್ರೆ ಇಲ್ಲಾ, ಕೆಳಗಲಾಸ್ಪತ್ರೆ ಇಲ್ಲಾ! ಮೇಗಲಾಸ್ಪತ್ರೆ ಅದೇ!"

ತಿರುಗಿ ನೋಡಿದರೆ ಮಾದಪ್ಪ. ಕೈಯಲ್ಲಿ ಟೀ ಸೋಸುವ ಬಟ್ಟೆ. ಅದೇ ರಾಗ, ಅದೇ ಎಳೆತ, ಕೊನೆಯಲ್ಲಿ ಅದೇ ಕೆಮ್ಮು. ಯಾರೂ ನಗಲಿಲ್ಲ. ಮಾದಪ್ಪನ ಕಣ್ಣಲ್ಲಿ ನೀರಿಳಿಯುತ್ತಿತ್ತು. "ತಿರುಗ್ಸ್ಲಾ ರಂಗಸ್ವಾಮಿ, ತಿರುಗ್ಸೂ!"

ಭಾವನ ರೆಪ್ಪೆಗಳು ಆಗಲೇ ಇಳಿಯುತ್ತಿದ್ದವು. ತುಟಿ ಅಲುಗಿತು. ನಾನು ಕಿವಿ ಹತ್ತಿರ ತಂದೆ.

"ಯಾ... ವತ್ತಿಂದು?"

"ಇವತ್ತಿಂದು ಕಣ್ರೀ, ನೀವೇ ಕೂಗಿದ್ದು!" ಮಾದಪ್ಪ ಅಳುತ್ತಲೇ ಬೈದ.

ಭಾವ ತಲೆಯಾಡಿಸಿ, ಎಡಗೈಯಿಂದ ಆಟೋದ ತಗಡಿಗೆ ಎರಡು ಸಲ ತಟ್ಟಿದರು. ಬಸ್ಸು ಬಿಡಲು ಕಂಡಕ್ಟರು ಕೊಡುವ ಸೂಚನೆ ಅದು. ರಂಗಸ್ವಾಮಿ ಬಿಟ್ಟ.

ಮೇಲಿನ ಆಸ್ಪತ್ರೆಯಲ್ಲಿ ಮದ್ದು ಇತ್ತು. ಇಂಜೆಕ್ಷನ್ ಹಿಡಿದು ಓಡಿ ಬಂದ ಮೇಡಂ ಭಾವನ ಮುಖ ನೋಡಿ ನಿಂತುಬಿಟ್ಟರು. "ಅಯ್ಯೋ, ಇವರಿಗೇನಾ ನಾನು ಬೆಳಿಗ್ಗೆ ಮಿಸ್ಡ್ ಕಾಲ್ ಕೊಟ್ಟಿದ್ದು!"

ಈಗ ಎರಡೂ ಆಸ್ಪತ್ರೆಗಳ ಗೇಟಿಗೆ, ರಸ್ತೆಗೆ ಕಾಣುವ ಹಾಗೆ ಕಪ್ಪು ಹಲಗೆ ನೇತುಹಾಕಿದ್ದಾರೆ. ಹಾವಿನ ಇಂಜೆಕ್ಷನ್ ಇದೆ, ಇಲ್ಲ ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಬೋರ್ಡು ಬಸ್ಸಿನ ಹೊರಗೆ ಬಂತು! ಅದನ್ನು ನೋಡಲು ಹೋದ ಭಾವ ಮೊದಲು ಮಾಡಿದ್ದೇನು? ತಾರೀಖು ಹಾಕಿಲ್ಲವೆಂದು ಜಗಳ. ಈಗ ತಾರೀಖೂ ಇರುತ್ತದೆ. ವೆಬ್‌ಸೈಟಿನಲ್ಲಿ ಮಾತ್ರ ಇನ್ನೂ ಮುಂದಿನ ಸೋಮವಾರ ಜಾನುವಾರುಗಳಿಗೆ ಲಸಿಕೆ ಇದೆ.

ಭಾವನ ಗಂಟಲು ಮೊದಲಿನಂತಾಗಲಿಲ್ಲ. ಪಿಸುಗುಡುತ್ತಾರೆ. ಕೂಗುವುದು ಮಾದಪ್ಪ, ಭಾವ ಬೆಂಚಿನ ಮೇಲೆ ಕೂತು ಎಳೆತ ಸರಿಯಿಲ್ಲವೆಂದು ತಿದ್ದುತ್ತಾರೆ. ಟೀ ಬಿಟ್ಟಿ.

ಇದನ್ನು ಕಂಡವರಲ್ಲಿ ನಾನಿದ್ದೇನೆ. ಮಾದಪ್ಪ ಇದ್ದಾನೆ. ಆಟೋ ರಂಗಸ್ವಾಮಿ ಇದ್ದಾನೆ. ನಮ್ಮ ಭಾವ ಇದ್ದಾರೆ.

ಇವತ್ತು ಬೆಳಗಿನ ಮಾಹಿತಿ.